ಒಂದು ಗುಡಿಸಿನ ವ್ಯತ್ಯಾಸ

ಯಕ್ಷಗಾನಕ್ಕೆ ಪ್ರಸಂಗ, ಅಂದರೆ ಆಟದ ಪದ್ಯಗಳ ಕೃತಿ, ಬರೆಯಲು ಕೂತವನಿಗೆ ಕಥೆ ತನ್ನದಲ್ಲ ಎಂಬುದು ಮೊದಲ ದಿನವೇ ಗೊತ್ತಿರುತ್ತದೆ. ನಾನು ಎತ್ತಿಕೊಂಡದ್ದು ದ್ರೋಣಪರ್ವದ ಶ್ರುತಾಯುಧನನ್ನು. ವರುಣನಿಗೂ ಪರ್ಣಾಶಾ ನದಿಗೂ ಹುಟ್ಟಿದ ಮಗ. ತಂದೆ ಕೊಟ್ಟ ಗದೆ ಕೈಯಲ್ಲಿರುವ ತನಕ ಅವನಿಗೆ ಸೋಲಿಲ್ಲ. ಯುದ್ಧ ಮಾಡದವನ ಮೇಲೆ ಎಸೆದರೆ ಮಾತ್ರ ಅದು ತಿರುಗಿ ಬಂದು ಎಸೆದವನನ್ನೇ ಕೊಲ್ಲುತ್ತದೆ. ಜಯದ್ರಥ ಸಾಯುವ ದಿನ ಶ್ರುತಾಯುಧ ಅದನ್ನು ಅರ್ಜುನನ ಸಾರಥಿಯಾಗಿದ್ದ ಕೃಷ್ಣನ ಮೇಲೆಯೇ ಎಸೆಯುತ್ತಾನೆ.

ಕಥೆ ವ್ಯಾಸರದು. ಭಾಮಿನಿ, ವಾರ್ಧಕ ಷಟ್ಪದಿಗಳ ನಡೆ ಕುಮಾರವ್ಯಾಸ, ಲಕ್ಷ್ಮೀಶರಿಂದ ಕಿವಿಗೆ ಇಳಿದದ್ದು. ಏಕತಾಳ, ಅಷ್ಟತಾಳದ ಪದ್ಯಗಳಿಗೆ ಹಳೆಯ ಪ್ರಸಂಗಗಳ ಮಟ್ಟನ್ನೇ ಹಿಡಿದೆ. ನನ್ನದೆಂದು ಉಳಿದದ್ದು ಮಾತಿನ ಜೋಡಣೆ. ಕಾನೂನೂ ಗೆರೆ ಎಳೆಯುವುದು ಅಲ್ಲಿಯೇ. ಪುರಾಣದ ವಸ್ತುವಿಗಾಗಲಿ ಕಲ್ಪನೆಗಾಗಲಿ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ, ನಾಟಕವೊಂದರ ಮೇಲೆ ಸಿನಿಮಾ ಮಾಡಿದರೆಂಬ ಪ್ರಕರಣದಲ್ಲಿ ಹೇಳಿತು. ಆ ಹಕ್ಕಿಗೆ ನೋಂದಣಿಯೂ ಬೇಕಿಲ್ಲ, ಬರೆದ ಕ್ಷಣದಿಂದಲೇ ಇರುತ್ತದೆ. ಕವಿ ತೀರಿಹೋದ ಮೇಲೂ 60 ವರ್ಷ ಉಳಿಯುತ್ತದೆ.

ನನಗೆ ಪ್ರಸಂಗವನ್ನು ಬಚ್ಚಿಡುವ ಆಸೆ ಇರಲಿಲ್ಲ. ಪ್ರಸಂಗ ಹಾಡಿದರೆ ಬದುಕುತ್ತದೆ, ಕಪಾಟಿನಲ್ಲಿಟ್ಟರೆ ಗೆದ್ದಲಿಗೆ ಹೋಗುತ್ತದೆ. ಜೆರಾಕ್ಸ್ ಮಾಡಿಸಿ ಕೇಳಿದ ಭಾಗವತರಿಗೆಲ್ಲ, ಅಂದರೆ ಆಟದ ಪದ್ಯ ಹಾಡುವವರಿಗೆಲ್ಲ, ಕೊಟ್ಟೆ. ಆಮೇಲೆ ಅದು ವಾಟ್ಸಾಪ್‌ನಲ್ಲಿ ಓಡಾಡಿತು. ಯಾರೋ ಮರಳಿ ಟೈಪ್ ಮಾಡಿದರು, ನನ್ನ ಹೆಸರಿದ್ದ ಮೊದಲ ಪುಟ ಆಗ ಬಿದ್ದುಹೋಯಿತು.

ಒಂದು ಹರಕೆಯಾಟದ ರಾತ್ರಿ ಅದೇ ಪ್ರಸಂಗ ಇತ್ತು. ಪರ್ಣಾಶೆ ಮಗನಿಗೆ ಎಚ್ಚರಿಕೆ ಹೇಳುವ ಭಾಮಿನಿ ಬಂತು. ನಾನು ಬರೆದದ್ದು ಹೀಗೆ:

ಮಗನೆ ಕೇಳಿದು ತಂದೆ ಕೊಟ್ಟುದು
ಹಗೆಗೆ ಬೀಸಲು ಕಾವುದಲ್ಲದೆ
ಬಗೆದು ಕೈಯೆತ್ತದವಗೆಸೆದರೆ ಮರಳಿ ಕೊಲ್ಲುವುದೈ

ಭಾಗವತರ ಬಾಯಲ್ಲಿ ಅದು ‘ಕೈಯೆತ್ತಿದವಗೆಸೆದರೆ’ ಎಂದಾಗಿತ್ತು. ಒಂದು ಗುಡಿಸು ಹೆಚ್ಚಾಗಿ ಇಡೀ ಪ್ರಸಂಗದ ಬೀಗದಕೈ ತಿರುಚಿಹೋಯಿತು. ಕೈಯೆತ್ತಿದವನಿಗೆ ಎಸೆದರೆ ಕೊಲ್ಲುವ ಗದೆಯನ್ನು ಯಾವ ತಂದೆ ಮಗನಿಗೆ ಕೊಟ್ಟಾನು? ಮಾತ್ರೆ ಎಣಿಸಿದರೂ ತಪ್ಪು ಸಿಕ್ಕುವುದಿಲ್ಲ: ‘ತದವ’ ಮೂರು ಮಾತ್ರೆ, ‘ತಿದವ’ವೂ ಮೂರು. ತಾಳ ಎಲ್ಲಿಯೂ ಎಡವಲಿಲ್ಲ. ಪರ್ಣಾಶೆಯ ವೇಷಧಾರಿ ಒಂದು ಕ್ಷಣ ತಡೆದು, ಪದ್ಯದ ನಂತರ ವೇಷಧಾರಿ ತಾನೇ ಕಟ್ಟಿ ಆಡುವ ಮಾತಿನಲ್ಲಿ, ಶರಣೆಂದು ಕೈಯೆತ್ತಿ ಮುಗಿದವನು ಎಂದು ಅರ್ಥ ಹೇಳಿ ಪ್ರಸಂಗವನ್ನು ಉಳಿಸಿದರು. ಆ ಪ್ರತಿಭೆಗೆ ಇಂದಿಗೂ ನಮಸ್ಕರಿಸುತ್ತೇನೆ. ಪದ್ಯ ನನ್ನದಾದರೂ ಅರ್ಥ ಅವರದೇ ಎಂದು ಅಂದು ಕಣ್ಣಾರೆ ಕಂಡೆ.

ಆಟ ಮುಗಿದ ಮೇಲೆ ಚೌಕಿಗೆ, ವೇಷ ಕಟ್ಟುವ ಮನೆಗೆ, ಹೋದೆ. ಭಾಗವತರು ತಮ್ಮ ಪುಸ್ತಕ ತೆರೆದು ತೋರಿಸಿದರು. ಅಕ್ಷರ ಮುತ್ತಿನಂತಿತ್ತು, ತಪ್ಪೂ ಹಾಗೆಯೇ ಇತ್ತು, ಮೇಲೆ ‘ಕವಿ: ಅಜ್ಞಾತ’ ಎಂದಿತ್ತು. “ಈ ಸಾಲು ನನಗೂ ಸರಿಬಂದಿರಲಿಲ್ಲ. ಆದರೆ ಯಾರನ್ನು ಕೇಳುವುದು ಸ್ವಾಮೀ?” ಎಂದರು. ನನ್ನ ಹೆಸರು ಹೋಯಿತೆಂದು ಬಂದ ಸಿಟ್ಟು ಆ ಮಾತಿಗೆ ಇಳಿಯಿತು. ಪದ್ಯದ ಮೇಲೆ ಹೆಸರು ಇರಬೇಕಾದದ್ದು ಕೇಳುವವರಿಗೆ ಒಂದು ವಿಳಾಸ ಸಿಗಲೆಂದು.

ಮರುವಾರವೇ ಪ್ರಸಂಗವನ್ನು ಹೊಸದಾಗಿ ಸಿದ್ಧಪಡಿಸಿದೆ. ಪ್ರತಿ ಪುಟದ ಅಡಿಯಲ್ಲಿ ಹೆಸರು, ಫೋನ್ ಸಂಖ್ಯೆ, ತಿದ್ದಿದ ದಿನಾಂಕ. ಕೊನೆಯ ಮಂಗಳಪದ್ಯದಲ್ಲಿ ಅಂಕಿತ; ಪುಟ ಬಿದ್ದರೂ ಪದ್ಯ ಬೀಳುವುದಿಲ್ಲ. ಮೇಲೆ, ಕೃತಿಯನ್ನು ಷರತ್ತಿನ ಮೇಲೆ ಎಲ್ಲರ ಬಳಕೆಗೆ ಬಿಟ್ಟುಕೊಡುವ ಕ್ರಿಯೇಟಿವ್ ಕಾಮನ್ಸ್‌ನ ಪರವಾನಗಿಯನ್ನು ಹಾಕಿ, ಅದರ ಸಾರವನ್ನು ನಮ್ಮ ಮಾತಿನಲ್ಲಿ ಬರೆದೆ: ಹಾಡಿ, ಆಡಿ, ಮುದ್ರಿಸಿ, ಹಂಚಿ, ಕವಿಯ ಹೆಸರು ಹೇಳಿ, ಬದಲಿಸಿದರೆ ಬದಲಿಸಿದ್ದೇವೆ ಎಂದು ತಿಳಿಸಿ, ಬದಲಿಸಿದ್ದನ್ನೂ ಇದೇ ಷರತ್ತಿನಲ್ಲಿ ಬಿಟ್ಟುಕೊಡಿ. ಕಾಲಮಿತಿಯ ಆಟಕ್ಕೆ ಪದ್ಯ ಕತ್ತರಿಸದೆ ವಿಧಿಯಿಲ್ಲ, ಆದ್ದರಿಂದ ಬದಲಾವಣೆಗೆ ಬಾಗಿಲು ಮುಚ್ಚಲಿಲ್ಲ.

ಟಿಕೆಟ್ ಇಟ್ಟು ಆಡಬಾರದು ಎಂಬ ಷರತ್ತನ್ನು ಮೊದಲು ಬರೆದು, ಆಮೇಲೆ ಹೊಡೆದುಹಾಕಿದೆ. ಹವ್ಯಾಸಿ ಸಂಘವೊಂದು ಹಣ ಪಡೆಯದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಹೇಗೂ ವಿನಾಯಿತಿ ಕೊಡುತ್ತದೆ. ಷರತ್ತು ತಟ್ಟುವುದು ಸಂಬಳದ ಕಲಾವಿದರನ್ನು ಸಾಕುವ ಮೇಳಕ್ಕೆ. ಆಟವಿಲ್ಲದ ಮಳೆಗಾಲದಲ್ಲಿ ಆ ಕಲಾವಿದರ ಪಾಡು ನೋಡಿದವನು ನಾನು. ನನ್ನ ಪದ್ಯದಿಂದ ಅವರಿಗೆ ನಾಲ್ಕು ಕಾಸು ಹುಟ್ಟಿದರೆ ಸಂತೋಷವೇ.

ಇದಕ್ಕೆಲ್ಲ ಕಾಗದಪತ್ರ ಏಕೆ ಎಂದು ಗೆಳೆಯರು ಕೇಳಿದರು. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ವಿಷಯವನ್ನೇ ನೋಡಿ. 1997ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ನಡೆದ ಒಂದು ಪ್ರದರ್ಶನದಿಂದ ವ್ಯಾಜ್ಯ ಹುಟ್ಟಿ, 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡುವವರೆಗೆ ಎಳೆಯಿತು. ಸಾಹಿತ್ಯಕೃತಿ ಬೇರೆ, ನಾಟ್ಯಕೃತಿ ಬೇರೆ ಎಂದು ವಿಂಗಡಿಸಿ, ಮರಣಶಾಸನದ ಒಂದೊಂದು ಕಲಮನ್ನೂ ತೂಗಿ ನೋಡಬೇಕಾಯಿತು. ಅಂಥ ಹಿರಿಯರ ಕೃತಿಗೇ ಹಾಗಾದರೆ, ಬದುಕಿರುವಾಗಲೇ ಬರೆದಿಡುವುದು ನನ್ನಂಥವನ ಕರ್ತವ್ಯ.

ಹೊಸ ಪ್ರತಿ ಹೋದ ಮೇಲೆ ಫೋನುಗಳು ಬರತೊಡಗಿದವು. ಹೆಚ್ಚಿನವು ರಾಗದ ಬಗ್ಗೆ, ಕತ್ತರಿಸುವುದರ ಬಗ್ಗೆ. ಮೇಳಗಳ ಕಳೆದ ತಿರುಗಾಟದಲ್ಲಿ ಒಬ್ಬ ಎಳೆಯ ಭಾಗವತ, ಬಹಳ ಸಂಕೋಚದಿಂದ, “64ನೇ ಪದ್ಯದಲ್ಲಿ ನಾಲ್ಕನೇ ಸಾಲಿಗೆ ಪ್ರಾಸ ತಪ್ಪಿದೆಯಲ್ಲ, ಅದು ಟೈಪಿನ ತಪ್ಪೇ?” ಎಂದು ಕೇಳಿದ. ಹಸ್ತಪ್ರತಿ ತೆಗೆದು ನೋಡಿದೆ. ಟೈಪಿನ ತಪ್ಪಲ್ಲ, ನನ್ನದೇ. ಅವನೇ ಒಂದು ಪದ ಸೂಚಿಸಿದ, ಅದು ನನ್ನ ಪದಕ್ಕಿಂತ ಚೆನ್ನಾಗಿ ಕೂತಿತು. ಈಗ ಆ ಪುಟದ ಅಡಿಯಲ್ಲಿ ನನ್ನ ಹೆಸರಿನ ಪಕ್ಕ ಅವನ ಹೆಸರೂ ಇದೆ.