ಲೇಸರ್ ಚಿಕಿತ್ಸೆಯ ನಂತರ ಕಾರ್ನಿಯಾದ ತಿಳಿತನವನ್ನು ಹೋಲಿಸುವುದು ಹೇಗೆ?

ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಹೆಚ್ಚು ತಿಳಿಯಾಗಿ ಉಳಿಸುತ್ತದೆ ಎಂದು ತಿಳಿಯಬೇಕಾದರೆ, ಚಿಕಿತ್ಸೆಗೆ ಮುಂಚಿನ ಅಳತೆ ಮೊದಲು ಕೈಯಲ್ಲಿರಬೇಕು. ವಯಸ್ಸಾದಂತೆ ಕಾರ್ನಿಯಾದ ಅಂಚು ತಾನಾಗಿಯೇ ಕೊಂಚ ಮಬ್ಬಾಗುವುದರಿಂದ, ಆ ಅಳತೆಯಿಲ್ಲದ ಹೋಲಿಕೆಗೆ ಬುಡವೇ ಇರುವುದಿಲ್ಲ.

ಆನಂತರ, ಗಾಯ ಯಾವ ಆಳದಲ್ಲಿ ಆಗುತ್ತದೆಂಬುದನ್ನು ಗುರುತಿಸಿಕೊಳ್ಳಬೇಕು. ಪಿಆರ್‌ಕೆ ವಿಧಾನದಲ್ಲಿ ಸುಮಾರು 50 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಹೊರಪದರವನ್ನು ತೆಗೆದು, ಅದರ ಕೆಳಗಿನ ಭಾಗವನ್ನು 193 ನ್ಯಾನೋಮೀಟರ್ ತರಂಗಾಂತರದ ಎಕ್ಸೈಮರ್ ಲೇಸರ್‌ನಿಂದ ಸವೆಸುತ್ತಾರೆ. ಗಾಯ ಮಾಯುವಾಗ ಅಲ್ಲಿನ ಜೀವಕೋಶಗಳು ಬೆಳಕನ್ನು ಚದುರಿಸುವ ಅಂಗಾಂಶವನ್ನು ಕಟ್ಟುವುದರಿಂದ ಮಬ್ಬು ಮೂಡಬಹುದು. ಮೈನಸ್ ನಂಬರ್ ಹೆಚ್ಚಿದ್ದಷ್ಟೂ ಆ ಸಂಭವ ಹೆಚ್ಚು. ಅದನ್ನು ತಡೆಯಲೆಂದೇ ಹಲವು ವೈದ್ಯರು ಶೇ 0.02ರ ಮೈಟೊಮೈಸಿನ್ ಎಂಬ ಔಷಧದ ದ್ರಾವಣವನ್ನು ಕೆಲವು ಸೆಕೆಂಡುಗಳ ಕಾಲ ಲೇಪಿಸುತ್ತಾರೆ. ಲಾಸಿಕ್‌ನಲ್ಲಿ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್ ದಪ್ಪದ ಫ್ಲ್ಯಾಪ್, ಅಂದರೆ ಮುಚ್ಚಳದಂಥ ಪದರವನ್ನು, ಎತ್ತಿ ಅದರ ಅಡಿಯಲ್ಲಿ ಲೇಸರ್ ಹಾಯಿಸುವುದರಿಂದ, ಕಲೆ ಹೆಚ್ಚಾಗಿ ಫ್ಲ್ಯಾಪಿನ ಅಂಚಿನಲ್ಲಿ ತೆಳ್ಳನೆಯ ಉಂಗುರದಂತೆ ಉಳಿಯುತ್ತದೆ. ಸ್ಮೈಲ್ ಎಂಬ ವಿಧಾನದಲ್ಲಿ ಕಾರ್ನಿಯಾದ ಒಳಗೇ ಲೇಸರ್‌ನಿಂದ ಕತ್ತರಿಸಿದ ತೆಳುಬಿಲ್ಲೆಯನ್ನು 2ರಿಂದ 4 ಮಿಲಿಮೀಟರ್ ಸೀಳಿನ ಮೂಲಕ ಹೊರತೆಗೆಯುತ್ತಾರೆ. ಬಿಲ್ಲೆಯಿದ್ದ ಜಾಗದಲ್ಲಿ ಆರಂಭದ ವಾರಗಳಲ್ಲಿ ಮಾಸಲು ಗೆರೆ ಕಾಣಬಹುದು.

ಅಳೆಯುವಾಗ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿ ವೈದ್ಯರು ಮಬ್ಬಿಗೆ ಕೊಡುವ 0ಯಿಂದ 4ರವರೆಗಿನ ದರ್ಜೆಯೊಂದನ್ನೇ ನೆಚ್ಚಬಾರದು, ಏಕೆಂದರೆ ಅದು ನೋಡುವವರ ಕಣ್ಣನ್ನು ಅವಲಂಬಿಸಿದೆ. ಕಣ್ಣಿನ ಮುಂಭಾಗದ ಅಡ್ಡಸೀಳು ಚಿತ್ರ ತೆಗೆಯುವ ಶೈಮ್‌ಫ್ಲುಗ್ ಕ್ಯಾಮೆರಾ ಕಾರ್ನಿಯಾದಿಂದ ಚದುರಿ ಬರುವ ಬೆಳಕನ್ನು 0ಯಿಂದ 100ರವರೆಗೆ ಅಂಕಿಯಾಗಿಸುತ್ತದೆ. 0 ಎಂದರೆ ಪೂರ್ಣ ತಿಳಿ. ಆದರೆ ಇಡೀ ದಪ್ಪದ ಸರಾಸರಿಯಲ್ಲಿ ಪಿಆರ್‌ಕೆಯ ಮೇಲ್ಪದರದ ಮಬ್ಬು ಕರಗಿಹೋಗುತ್ತದೆ. ಆದ್ದರಿಂದ ಮುಂಭಾಗದ 120 ಮೈಕ್ರಾನ್ ಪದರದ ಅಂಕಿಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ನಡುವಿನ 2 ಮಿಲಿಮೀಟರ್ ವೃತ್ತದ ಜೊತೆಗೆ 6 ಮಿಲಿಮೀಟರ್‌ವರೆಗಿನ ವಲಯವನ್ನೂ ನೋಡಬೇಕು, ಏಕೆಂದರೆ ಇರುಳಿನಲ್ಲಿ ಪಾಪೆ ಹಿಗ್ಗಿದಾಗ ಆ ಭಾಗದಿಂದಲೂ ಬೆಳಕು ಒಳಹೋಗುತ್ತದೆ.

ಜನ ಹೆಚ್ಚಾಗಿ ಎಡವುವುದು ಕಾಲದ ವಿಷಯದಲ್ಲಿ. ಪಿಆರ್‌ಕೆಯ ಮಬ್ಬು ಸಾಮಾನ್ಯವಾಗಿ ಮೊದಲ ಮೂರು ತಿಂಗಳೊಳಗೆ ಏರಿ, ಬಹುಪಾಲು ಕಣ್ಣುಗಳಲ್ಲಿ ವರ್ಷ ತುಂಬುವಷ್ಟರಲ್ಲಿ ಇಳಿಯುತ್ತದೆ. ಹೀಗಿರುವಾಗ ಒಂದೇ ತಿಂಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಪಿಆರ್‌ಕೆ ಕಳಪೆಯೆಂದು ತೀರ್ಮಾನಿಸುವುದು ಅನ್ಯಾಯ. ಒಂದೇ ಯಂತ್ರದಲ್ಲಿ, ಸರಿಸುಮಾರು ಒಂದೇ ನಂಬರ್ ಇದ್ದ ಕಣ್ಣುಗಳನ್ನು 1, 3, 6 ಹಾಗೂ 12ನೇ ತಿಂಗಳಲ್ಲಿ ಅಳೆದಾಗಲೇ ಹೋಲಿಕೆ ಗಟ್ಟಿಯಾಗಿ ನಿಲ್ಲುತ್ತದೆ.

ಅಕ್ಷರಗಳ ಪಟ್ಟಿಯಲ್ಲಿ 6/6, ಅಂದರೆ ಸಹಜ ದೃಷ್ಟಿಯ ಸಾಲನ್ನು, ಓದಿದವರಿಗೂ ರಾತ್ರಿ ಎದುರು ವಾಹನದ ದೀಪ ಚದುರಿ ಕಾಣಬಹುದು. ಆದರೆ ಕಣ್ಣೀರಿನ ಪದರ ಒಣಗಿದ್ದರೂ ಹಾಗೆಯೇ ಆಗುವುದರಿಂದ, ಕಣ್ಣಿನ ಒಣತನವನ್ನು ಪರೀಕ್ಷಿಸಿದ ಮೇಲಷ್ಟೇ ಆ ದೂರನ್ನು ಕಾರ್ನಿಯಾದ ಮಬ್ಬಿನ ಲೆಕ್ಕಕ್ಕೆ ಸೇರಿಸಬೇಕು.