ಕಾರ್ಡು ಊರಲ್ಲಿ, ಮಕ್ಕಳು ಇಲ್ಲಿ

ಬೆಂಗಳೂರಿನ ಮಹದೇವಪುರದ ಕಡೆ ತಗಡಿನ ಶೆಡ್ಡುಗಳಲ್ಲಿ ಇರುವವರ ಕಾಗದಪತ್ರ ಸರಿ ಮಾಡಿಸುವುದು ನನ್ನ ಕೆಲಸ. ಹೆಚ್ಚಿನವರು ಯಾದಗಿರಿ, ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದವರು. ಸುರಪುರದ ಕಡೆಯ ಒಬ್ಬಾಕೆ ಒಂದು ದಿನ ಹೇಳಿದಳು: "ಅಕ್ಕಾರ, ಗೃಹಲಕ್ಷ್ಮಿ ರೊಕ್ಕ ಅತ್ತಿ ಖಾತಿಗೆ ಬೀಳ್ತದ್ರಿ. ಹುಡುಗ್ರು ನನ್ನ ಕಡೆ ಅದಾವು."

2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾದವರಿಗೆ. ಇವರ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಬೇರೆ ಕಾರ್ಡು ಮಾಡಿಸಿಬಿಡೋಣ ಎಂದೆ, ದೊಡ್ಡ ಜಾಣೆಯ ಹಾಗೆ. ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ಕೂ ಹೆಸರು ಹಳೇ ಕಾರ್ಡಿನಿಂದ ತೆಗೆಸಿದೆವು. ಹೊಸದಕ್ಕೆ ಅರ್ಜಿ ಹಾಕಲು ಹೋದರೆ ಸೈಬರ್ ಸೆಂಟರಿನವನು ತಲೆ ಅಲ್ಲಾಡಿಸಿದ. ಅರ್ಜಿ ತಗೊಳ್ಳೋದು ನಿಂತಿತ್ತು. ಅಲ್ಲಿಯವರೆಗೆ ಊರಿಂದ ಬರುವವರ ಕೈಲಿ ಬರುತ್ತಿದ್ದ ಅಕ್ಕಿಯೂ ಹೋಯಿತು. ಏಳು ತಿಂಗಳು ಅಂಗಡಿ ಅಕ್ಕಿ, ಅಂಗಡಿ ಸಾಲ. ಆಕೆ ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟವಾಯಿತು.

ಆ ಏಳು ತಿಂಗಳಲ್ಲಿ ಮಕ್ಕಳ ಹೊಟ್ಟೆ ಕಾಯ್ದದ್ದು ಕಾರ್ಡು ಕೇಳದ ಎರಡು ಜಾಗ. ಚಿಕ್ಕವನು ಅಂಗನವಾಡಿಗೆ ಹೋದ. ದೊಡ್ಡವಳನ್ನು ಸರ್ಕಾರಿ ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರ ಕೇಳಿದರು. ವಯಸ್ಸಿನ ದಾಖಲೆ ಇಲ್ಲ ಎಂದು ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಎಂದೆ, ಸೇರಿಸಿಕೊಂಡರು. ಹಾಲು, ಬಿಸಿಯೂಟ, ಮೊಟ್ಟೆ. ಯಜಮಾನಿ ಯಾರು ಎಂದು ಯಾರೂ ಕೇಳಲಿಲ್ಲ.

ಅಂದಿನಿಂದ ನನ್ನ ಕೆಲಸದ ಕ್ರಮ ತಿರುಗಿತು. ಹೊಸ ಕುಟುಂಬ ಬಂದರೆ ಮೊದಲು ಅಂಗನವಾಡಿ, ಶಾಲೆ. ಇಡೀ ಕಾರ್ಡಿನವರು ಇಲ್ಲೇ ಇದ್ದರೆ ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲೇ ತಂಬ್ ಕೊಟ್ಟು ಅಕ್ಕಿ. ಹಣದ ಯೋಜನೆ ಆಮೇಲೆ. ಅದರಲ್ಲೂ ಮೊದಲು ನೋಡುವುದು ಎನ್‌ಪಿಸಿಐ, ಅಂದರೆ ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಎಂಬ ಜೋಡಣೆ: ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಬೀಳುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಎಷ್ಟೋ ತಾಯಂದಿರ ದುಡ್ಡು ಸಿಕ್ಕಿದೆ.

ಕಾರ್ಮಿಕರ ಕಾರ್ಡು ಮಾತ್ರ ಈಗಲೂ ಜಗಳದ ಕೆಲಸ. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ, ಮಕ್ಕಳ ಓದಿಗೆ ಸಹಾಯಧನವೂ ಅದರಿಂದಲೇ. ಆದರೆ ವರ್ಷದಲ್ಲಿ 90 ದಿನ ದುಡಿದಿದ್ದಾರೆ ಎಂದು ಬರೆದುಕೊಡಬೇಕಲ್ಲ, ಮೇಸ್ತ್ರಿ ಆ ಹೊತ್ತಿಗೆ ಫೋನೇ ಎತ್ತುವುದಿಲ್ಲ.

ಸುರಪುರದಾಕೆಯ ಹೆಸರು ಹಳೇ ಕಾರ್ಡಿಗೇ ವಾಪಸ್ ಸೇರಿತು. ಯಜಮಾನಿ ಈಗಲೂ ಅತ್ತೆಯೇ. ನಾನು ಫೋನಿನಲ್ಲಿ ತಪ್ಪೊಪ್ಪಿಕೊಂಡ ಮೇಲೆ ಆ ಮುದುಕಿ ಪಕ್ಕದ ಮನೆ ಹುಡುಗನ ಕೈಲಿ ತಿಂಗಳಿಗೆ ಸಾವಿರ ರೂಪಾಯಿ ಫೋನ್‌ಪೇ ಮಾಡಿಸುತ್ತಾಳೆ.