ಪುಕ್ಕಟ್ ಕುನ್ನಿ ಯಾರಿಗೂ ಕೊಡಬ್ಯಾಡ್ರಿ: ಡಿಪಾಜಿಟ್ ಇಸ್ಕೊಂಡು ಮರಿ ಕೊಟ್ಟ ನನ್ನ ಅನುಭವ

ಮೂರು ವರ್ಷದ ಹಿಂದ ನಾನು ಓಣಿ ಕುನ್ನಿಮರಿಗೆ 2000 ರೂಪಾಯಿ ಡಿಪಾಜಿಟ್ ಇಸ್ಕೋತೇನಿ ಅಂದಾಗ ಯಾರ್ಯಾರು ನಕ್ಕಿದ್ರು ಅನ್ನೂದು ನನಗ ಪಕ್ಕಾ ನೆನಪೈತಿ. ಹೆಸರ ಹೇಳೂದಿಲ್ಲ. ಅವರೊಳಗ ಇಬ್ಬರು ಮೊನ್ನೆ ಬಂದು ನನ್ನ ಡಿಪಾಜಿಟ್ ಫಾರ್ಮ್ ಝೆರಾಕ್ಸ್ ಮಾಡಿಸ್ಕೊಂಡು ಹೋಗ್ಯಾರ, ಅಷ್ಟ ಸಾಕು. "ಚರಂಡಿ ಬಾಜೂಕ ಪುಕ್ಕಟ್ ಬಿದ್ದಿರೂ ಮರಿಗೆ ರೊಕ್ಕ ಯಾವ ಕೊಡ್ತಾನಲೇ" ಅಂದಿದ್ರು. ಕೊಡ್ತಾರ. ಈವತ್ತಿನ ತನಕ ಸುಮಾರು 60-65 ಮರಿ ಹುಬ್ಬಳ್ಳಿ, ಧಾರವಾಡ, ಗದಗ, ಆ ಕಡೆ ರಾಣೆಬೆನ್ನೂರ ಮಟ ಮನಿ ಸೇರ್ಯಾವ, ಅದರಾಗ 50ರ ಹತ್ತರ ಹತ್ತರ ಸಂತಾನ ತಡಿಯೂ ಆಪರೇಷನ್ ಆಗಿ ಡಿಪಾಜಿಟ್ ವಾಪಸ್ ಹೋಗೇತಿ. ಲೆಕ್ಕದ ವಹಿ ಒಂದ್ಸಲ ಮಳಿಯಾಗ ತೊಯ್ದು ಹೋತು, ಹಂಗಾಗಿ ನಂಬರ್ ಅತ್ತಿತ್ತ ಆದ್ರ ಹೊಟ್ಯಾಗ ಹಾಕ್ಕೋರಿ.

ನಂದು ಗೋಕುಲ ರೋಡ್ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ. ಹಿಂದ ಒಂದು ಪತ್ರಾಸಿನ ಶೆಡ್ ಐತಿ, ಸುಟ್ಟ ಮೋಟರ್ ಇಡಾಕ ಅಂತ ಹಾಕಿಸಿದ್ದು, ಈಗ ಮೋಟರ್ ಎಲ್ಲಾ ಅಂಗಡಿ ಮುಂದ, ಶೆಡ್ ಮರಿಗೋಳ್ದು.

ಮೊದಲ ನನ್ನ ಪಾಪ ಹೇಳಿಬಿಡ್ತೇನಿ, ಇಲ್ಲಂದ್ರ ಯಾರರೆ ಕಮೆಂಟ್ ಹಾಕ್ತೀರಿ. ನಾನೂ ಜಾತಿ ನಾಯಿ ಧಂಧೆ ಮಾಡಿದಾವನ. 2018 ಇರಬೇಕು, 14 ಸಾವಿರ ಕೊಟ್ಟು ಒಂದು ಲ್ಯಾಬ್ (ಲ್ಯಾಬ್ರಡಾರ್) ಹೆಣ್ಣು ತಂದೆ, ಗಂಡು ಗೆಳೆಯಾಂದು, ಕ್ರಾಸಿಗೆ ಒಂದು ಮರಿ ಅವಂಗ ಅಂತ ಮಾತು. ಏಳು ಹಾಕ್ತು. ಏಳೆಂಟ್ಲೆ ಐವತ್ತಾರು ಸಾವಿರ ಅಂತ ಗ್ವಾಡಿ ಮ್ಯಾಲ ಪೆನ್ಸಿಲ್‌ಲೆ ಬರದು, ಹೊಸಾ ವೈಂಡಿಂಗ್ ಮಷಿನ್ ರೇಟ್ ಸೈತ ಕೇಳಿ ಬಂದಿದ್ದೆ. ಅವಸರಕ್ಕ ಬಿದ್ದು 32 ದಿನಕ್ಕ ಎರಡು ಮರಿ ಒಂಬತ್ತೊಂಬತ್ತು ಸಾವಿರಕ್ಕ ಕೊಟ್ಟೆ. ಮರುವಾರ ಮತ್ತೊಬ್ಬ ಗಿರಾಕಿ ಮರಿ ನೋಡಾಕ ಬಂದಾವ ಚಪ್ಪಲಿ ಹಾಕ್ಕೊಂಡ ಒಳಗ ಬಂದ, ಎತ್ಕೊಂಡು ಮುದ್ದ ಮಾಡಿದ, ಹ್ವಾದ. ಐದನೇ ದಿನಕ್ಕ ವಾಂತಿ, ಆಮ್ಯಾಲ ರಕ್ತ. ಪಾರ್ವೋ, ಚಪ್ಪಲಿಗೆ ಹತ್ಕೊಂಡ ಸೈತ ಬರೂ, ಮರಿ ಕೊಲ್ಲೂ ವೈರಸ್ ರೋಗ. ಆ ವಾಸನಿ ಒಮ್ಮೆ ಮೂಗಿಗೆ ಹತ್ತಿದವರಿಗೆ ನಾ ಬಿಡಿಸಿ ಹೇಳೂದ ಬ್ಯಾಡ. ತಾಯಿಗೆ ವ್ಯಾಕ್ಸಿನ್ ಆಗೇತಿ ಅಂತ ಮಾರಿದಾವ ಬಾಯಿಲೆ ಹೇಳಿದ್ದ, ನಾ ಕಾರ್ಡ್ ಕೇಳಿರಲಿಲ್ಲ. ಐದರಾಗ ನಾಕು ಹೋದ್ವು, ಉಳದದ್ದೊಂದು ಮಾತಿನ ಪ್ರಕಾರ ಗೆಳೆಯಾಂಗ ಹೋತು. ಸಲೈನ್, ಇಂಜೆಕ್ಷನ್, ರಾತ್ರಿ ಡಾಕ್ಟರ್ ಕರಸಿದ್ದು ಎಲ್ಲಾ ಸೇರಿ 11 ಸಾವಿರ. ಬಂದದ್ದು 18. ಗ್ವಾಡಿ ಮ್ಯಾಲಿನ ಲೆಕ್ಕ ಇನ್ನೂ ಹಂಗ ಐತಿ, ಸುಣ್ಣ ಹಚ್ಚೂ ಮುಂದ ಅದೊಂದು ಜಾಗಾ ಬಿಟ್ಟೇನಿ.

ಖರೇ ಹೊಡ್ತ ಅದಲ್ಲ. ಎರಡು ವರ್ಷ ಆದ ಮ್ಯಾಲ ಗಬ್ಬೂರ ಬೈಪಾಸ್ ಹತ್ರ ಒಂದು ಪಂಪ್ ಡೆಲಿವರಿ ಕೊಟ್ಟು ಬರೂ ಮುಂದ ಹೋರ್ಡಿಂಗ್ ಕೆಳಗ ಒಂದು ಲ್ಯಾಬ್ ಮಲಗಿತ್ತು, ಎಲುಬು ಎಣಸಬಹುದು ಹಂಗ. ಗಾಡಿ ಸ್ಲೋ ಮಾಡಿದೆ. ಬಾಲದ ತುದಿ ಬಲಕ್ಕ ಸೊಟ್ಟ. 20 ದಿನದ ಮರಿ ಇದ್ದಾಗ ನಮ್ಮ ಶೆಡ್ಡಿನ ಬಾಗಿಲದಾಗ ಸಿಕ್ಕ ಬಾಲ ಅದು, ನಾನ ಹಾಕಿದ ಬಾಗಲಾ. ತಗೊಂಡವರಿಗೆ ಫೋನ್ ಹಚ್ಚಿದ್ರ "ಟ್ರಾನ್ಸ್‌ಫರ್ ಆತ್ರಿ, ಹೊಲದವರಿಗೆ ಕೊಟ್ಟೇವಿ" ಅಂದ್ರು. ನಮ್ಮೂರಾಗ ಬಿಟ್ಟುಬಂದ ನಾಯಿ ಎಲ್ಲಾ ಹೊಲದವರ ಕಡೆನ ಇರ್ತಾವ ನೋಡ್ರಿ. ಅದು ಈಗ ನನ್ನ ಟೇಬಲ್ ಬುಡಕ ಮಲಗತೈತಿ, ಗಿರಾಕಿ ಬಂದ್ರ ಎದ್ದು ಸೈತ ನೋಡೂದಿಲ್ಲ.

ಆಮ್ಯಾಲ ಒಬ್ಬ ಡಾಕ್ಟರ್ ತೋರಿಸಿದ್ರು, 2017ರ ನಾಯಿ ಬ್ರೀಡಿಂಗ್ ರೂಲ್ಸ್ ಪ್ರಕಾರ ಎಂಟು ವಾರ ಆಗಲಾರದ ಮರಿ ಮಾರೂ ಹಂಗಿಲ್ಲ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿದಾಗ ಹೆಸರ ಹಚ್ಚಿರಬೇಕು, ಹೆಣ್ಣಿಗೆ 18 ತಿಂಗಳ ತುಂಬಿರಬೇಕು, ವರ್ಷಕ್ಕ ಒಂದ ಸಲ, ಜನ್ಮಕ್ಕ ಐದ ಸಲ. ನಾ ಒಂದ ಬಾಣಂತನದಾಗ ಎರಡು ಮುರದಿದ್ದೆ. ನಮ್ಮ ಕಡೆ ಮಾರೂ ಮಂದಿಯೊಳಗ ಎಷ್ಟು ಜನ ಇದನ್ನ ಓದ್ಯಾರ ಅಂತ ನೀವ ಲೆಕ್ಕಾ ಹಾಕ್ರಿ.

ಧಂಧೆ ಬಿಟ್ಟೆ, ಓಣಿ ಮರಿ ಪುಕ್ಕಟ್ ಕೊಡೂ ಪುಣ್ಯದ ಕೆಲಸಕ್ಕ ಹತ್ತಿದೆ. ಅದು ಇನ್ನೂ ದೊಡ್ಡ ಫೇಲ್. ಒಂದು ಐತವಾರ ಉಣಕಲ್ ಕೆರಿ ಹತ್ರ ಟೊಮ್ಯಾಟೊ ಕ್ರೇಟಿನ್ಯಾಗ ಮರಿ ಇಟ್ಕೊಂಡು ನಿಂತ್ವಿ, ಸಂಜಿ ಅನ್ನೂದ್ರಾಗ 14 ಖಾಲಿ, ಫೋಟೋ ಹೊಡ್ಕೊಂಡ್ವಿ, ಗಿರಮಿಟ್ ತಿಂದ್ವಿ, ಮನಿಗೆ ಬಂದ್ವಿ. ಎರಡು ತಿಂಗಳ ಬಿಟ್ಟು ಒಂದೊಂದ ನಂಬರಿಗೆ ಫೋನ್ ಹಚ್ಚಿದೆ. ಐದು ಸ್ವಿಚ್ ಆಫ್, ಎರಡು ರಾಂಗ್ ನಂಬರ್, ಮೂವರು "ಹೊಲದವರಿಗೆ". ನಾಕ ಮರಿ ಇದ್ದಲ್ಲೆ ಇದ್ವು, ನಾಕೂ ಗಂಡು. ಒಂದು ಹೆಣ್ಣ ಮರಿ ಅಂತೂ ಮುಂಜಾನೆ ಶಟರ್ ಎತ್ತಿದ್ರ ಬಾಗಿಲದಾಗ ರಟ್ಟಿನ ಡಬ್ಬಿಯೊಳಗ ಕುಂತಿತ್ತು, ಜೋಡಿ ಒಂದು ಪಾರ್ಲೆ-ಜಿ ಪಾಕೀಟ, ಒಡದಿರಲಿಲ್ಲ. ಸೊಸಿನ್ನ ತವರಿಗೆ ಕಳಸಿದಂಗ ಬುತ್ತಿ ಕಟ್ಟಿ ಕಳಸ್ಯಾರ.

ಡಿಪಾಜಿಟ್ ವಿಚಾರ ಹೊಳದದ್ದು ನೀರಿನ ಕ್ಯಾನ್ ಹಾಕೂ ಹುಡುಗನಿಂದ. ಅಂವ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ 150 ರೂಪಾಯಿ ಡಿಪಾಜಿಟ್ ಕೊಡಲಾರದ ಅಂಗಡಿಯಾಗ ಇಳಸೂದಿಲ್ಲ ಅಂತ ಜಗಳಾ ಮಾಡಾಕ ಹತ್ತಿದ್ದ. ನಾ ಜೀವ ಇದ್ದದ್ದನ್ನ ಪುಕ್ಕಟ್ ಕೊಟ್ಟು ಬಂದೇನಿ.

ಈಗ ಹಿಂಗ ನಡದೈತಿ. 2000 ಇಸ್ಕೋತೇನಿ, 500 ಸೂಜಿ ಖರ್ಚಿಗೆ ಹೋತು ಅಂತ ಮೊದಲ ಹೇಳಿಬಿಡ್ತೇನಿ, 1500 ಆಪರೇಷನ್ ಚೀಟಿ ಮತ್ತ ರೇಬಿಸ್ ಕಾರ್ಡ್ ತೋರಿಸಿದ ದಿನಾನ ಫೋನ್‌ಪೇ. ಹತ್ತು ತಿಂಗಳಾಗ ಮಾಡಿಸಲಿಲ್ಲ ಅಂದ್ರ ಆ ರೊಕ್ಕ ಯಾವುದರೆ ಓಣಿ ತಾಯಿ ನಾಯಿ ಆಪರೇಷನ್ನಿಗೆ. ಒಂಬತ್ತು ವಾರ ತುಂಬದ ಮರಿ ಹೊರಗ ಹೋಗೂದಿಲ್ಲ, ಸೆವೆನ್ ಇನ್ ಒನ್ (ಭಾಳ ರೋಗಕ್ಕ ಒಂದ ಸೂಜಿ) ಎರಡು ಡೋಸ್, ಜಂತಿನ ಔಷಧ ಮೂರ ಸಲ ನಂದ. ಒಂದೊಂದು ಮರಿಗೆ ನನಗ 1600-1700 ಬೀಳತೈತಿ, ಲಾಭ ಎಲ್ಲಿಂದ ಬರಬೇಕು, ಅಂಗಡಿ ರೊಕ್ಕಾನ ಹೋಗತೈತಿ, ನಮ್ಮ ಮನ್ಯಾಕಿಗೆ 900 ಅಂತ ಹೇಳೇನಿ, ಆಕಿ ಇದನ್ನ ಓದೂದಿಲ್ಲ ಅನ್ಕೊಂಡೇನಿ.

ಶೆಡ್ಡಿನ ನಿಯಮ ಎಲ್ಲಾರಿಗೂ ಒಂದ. ಹೊಸ ಮರಿ 12 ದಿನ ಬ್ಯಾರೆ, ನೆಲಾ ಸಿಮೆಂಟಿಂದು, ಬ್ಲೀಚ್ ಒಂದಕ್ಕ ಮೂವತ್ತು ನೀರು, ಚಪ್ಪಲಿ ಹೊರಗ, ನೀವು ಯಾರ ಆಗಿರ್ರಿ. ಫಿನಾಯಿಲ್ ಹಾಕಿ ತೊಳದು ಸಮಾಧಾನ ಮಾಡ್ಕೋಬ್ಯಾಡ್ರಿ, ಪಾರ್ವೋಕ್ಕ ಅದು ಸುಗಂಧ ದ್ರವ್ಯ. ಒಂದ ಸಲ ಒಬ್ಬ ದೊಡ್ಡ ಮನಷ್ಯಾ ಬೂಟ್ ಬಿಚ್ಚಾಕ ಒಲ್ಲೆ ಅಂದ, ಅವಂಗ ಮರಿ ಇಲ್ಲ ಅಂದೆ, ಅಂವ ಈಗೂ ನಮ್ಮ ಅಂಗಡಿಗೆ ಮೋಟರ್ ಹಾಕೂದಿಲ್ಲ.

ಇನ್ನ ಜಗಳದ ವಿಚಾರ. ಸಪ್ತಾಪುರದ ಕಡೆ ಒಬ್ಬರು ಅಕ್ಕಾರು ಅದಾರ, ನನಕಿಂತ ಹತ್ತು ಪಟ್ಟು ಕೆಲಸ ಮಾಡ್ಯಾರ, ಅವರು ಮುಖಕ್ಕ ಹೊಡದಂಗ ಕೇಳಿದ್ರು: "ಏನ್ ತಮ್ಮಾ, ರೊಕ್ಕ ಇದ್ದವರಿಗಷ್ಟ ನಾಯಿ ಸಾಕೂ ಹಕ್ಕೇನು?" ಎರಡು ದಿನ ನಿದ್ದಿ ಬರಲಿಲ್ಲ. ಆಮ್ಯಾಲ ಕಂತು ಮಾಡಿದೆ, ತಿಂಗಳಿಗೆ 200. ಹಳೇ ಹುಬ್ಬಳ್ಳಿ ಆಟೋದಾವ ಒಬ್ಬ ಹತ್ತು ಕಂತು ಒಂದ ದಿನಾ ತಪ್ಪಲಾರದ ಕಟ್ಟಿದ, ಕಡೀ ಕಂತು ಕೊಡೂ ಮುಂದ ನಾಯಿನ್ನ ಆಟೋದಾಗ ಕೂಡ್ರಿಸ್ಕೊಂಡ ಬಂದಿದ್ದ. ಡಿಪಾಜಿಟ್ ಮುಳಗಿಸಿದವರೆಲ್ಲಾ ಕಾರ್ ಇದ್ದವರು. ಅಕ್ಕಾರಿಗೆ ಹೇಳಿದೆ, ಅವರು ಹೂಂ ಅಂದ್ರು, ಒಪ್ಪಲಿಲ್ಲ.

ಬ್ರೀಡರ್ ಗೆಳೆಯಾಂದು ಬ್ಯಾರೆ ರಾಗ. ತಾಯಿ ತಂದಿ ನೋಡಲಾರದ ಮರಿ ತಗೊಂಡ್ರ ಸ್ವಭಾವ ಹೆಂಗ ಗೊತ್ತಾಗಬೇಕು ಅಂತಾನ. ಅರ್ಧಾ ಖರೆ ಐತಿ ಅಂವ ಹೇಳೂದು, ಅದಕ್ಕ ನಾನೂ ಈಗ ತಾಯಿನ್ನ ವಾರಗಟ್ಟಲೆ ನೋಡ್ತೇನಿ, ಮಂದಿ ಮ್ಯಾಲ ಏರಿ ಬರೂ ತಾಯಿ ಮರಿ ಸಣ್ಣ ಹುಡುಗರು ಇದ್ದ ಮನಿಗೆ ಕೊಡೂದಿಲ್ಲ. ಆದ್ರ ಅವನ ಕಡೆ ಹ್ವಾದ್ರ ಅವನೂ ತಂದಿ ನಾಯಿ ತೋರಸೂದಿಲ್ಲ, ಫೋಟೋ ತೋರಸ್ತಾನ.

ಮುಧೋಳ ಜಾತಿ ಬೇಟಿ ನಾಯಿ ಬೇಕು ಅನ್ನೂ ಫೋನ್ ಬರ್ತಾವಲ್ಲ, ಅದೊಂದು ಕಾಟ. 2020ರ ಆಗಸ್ಟ್‌ದಾಗ ಪ್ರಧಾನಿ ಮನ್ ಕಿ ಬಾತ್‌ದಾಗ ಹೆಸರ ಹೇಳಿದ ಮ್ಯಾಲ ಸುರು ಆದದ್ದು ನಿಂತೇ ಇಲ್ಲ. ಆರ್ಮಿದವರು ಮೀರತ್‌ಗೆ ಒಯ್ದಾರ, 2005ರಾಗ ಸ್ಟ್ಯಾಂಪ್ ಬಂದೈತಿ, ಎಲ್ಲಾ ಬಾಯಿಪಾಠ ಹೇಳ್ತಾರ, ಮನಿ ಎಷ್ಟೈತ್ರಿ ಅಂದ್ರ 30-40 ಸೈಟಿನ ಮ್ಯಾಲಿನ ಮಹಡಿ. ನಾನೂ ಒಂದು ಸಾಕಿ ನೋಡೇನಿ, ಯಾರೋ ಬಿಟ್ಟದ್ದು ಬಂದಿತ್ತು. ಭಾಳ ಛಲೋ ನಾಯಿ, ಆದ್ರ ಕಣ್ಣಿಗೆ ಓಡೂದು ಏನರೆ ಕಂಡ್ರ ಕಿವಿ ಬಂದ್ ಆಗತಾವ. ಒಂದ ಮುಂಜಾನಿಯಾಗ ಬಾಜೂ ಮನಿ ಮೂರು ಜವಾರಿ ಕೋಳಿ ಹಿಡೀತು, 1800 ದಂಡ ಕಟ್ಟಿದೆ, ಕೋಳಿ ಅವರ ತಿಂದ್ರು. ಅಣ್ಣಿಗೇರಿ ಕಡೆ ಎಂಟೆಕರೆ ಎರೀ ಹೊಲ ಇದ್ದವರಿಗೆ ಕೊಟ್ಟೆ, ಈ ಸಲ ಖರೇನ ಹೊಲದವರಿಗೆ, ನಾನ ಹೋಗಿ ನೋಡಿ ಬಂದೇನಿ. ಮುಧೋಳನ ಬೇಕಂದ್ರ ತಿಮ್ಮಾಪುರದ ಸಂಶೋಧನಾ ಕೇಂದ್ರಕ್ಕ ಹೋಗಿ ಕೇಳ್ರಿ, ಬೀದರದ ಪಶು ವಿಶ್ವವಿದ್ಯಾಲಯದ್ದು ಅದು. ಅಲ್ಲೆ ಇಲ್ಲೆ ಮುಧೋಳ ಅಂತ ಮಾರೂದ್ರಾಗ ಅರ್ಧಾ ಬರೀ ಹಸದ ನಾಯಿ.

ಉಣ್ಣಿ ಪ್ರಯೋಗಾನೂ ಬರೀತೇನಿ, ಕೇಳಿದ್ರಿ ಭಾಳ ಮಂದಿ. ಬೇವಿನ ತಪ್ಪಲಾ ಕುದಿಸಿದ ನೀರು ಒಂದು ತಿಂಗಳ ಹಾಕಿದೆ, ಉಣ್ಣಿ ಸ್ವಚ್ಛ ಆದ್ವು ಅಷ್ಟ. ಯಾರೋ ತಂಬಾಕ ನೀರು ಅಂದ್ರು, ಹಚ್ಚಿದೆ, ಮರಿ ಜೊಲ್ಲ ಸುರಿಸಿ ಕಾಲ ಸೆಡದು ಅಡ್ಡ ಬಿತ್ತು, ತೊಳದು ತೊಳದು ದವಾಖಾನಿಗೆ ಒಯ್ದು ಉಳಿಸ್ಕೊಂಡೆ. ಆ ಕೆಲಸ ಯಾರೂ ಮಾಡಬ್ಯಾಡ್ರಿ. ಉಣ್ಣಿ ನಾಯಿ ಮ್ಯಾಲ ಎಷ್ಟಿರ್ತಾವೋ ಗ್ವಾಡಿ ಸೀಳಿನ್ಯಾಗ ಅದಕ್ಕಿಂತ ಹೆಚ್ಚಿರ್ತಾವ, ತತ್ತಿ ಅಲ್ಲೇ ಇಡ್ತಾವ. ಶೆಡ್ ಖಾಲಿ ಮಾಡಿ, ಸೀಳಿಗೆಲ್ಲಾ ಬ್ಲೋ ಲ್ಯಾಂಪ್ ಹಿಡದು, ಆಮ್ಯಾಲ ಸಿಮೆಂಟ್ ಮೆತ್ತಿ ಸುಣ್ಣ ಹೊಡದೆ, ಬ್ಲೋ ಲ್ಯಾಂಪ್ ನಮ್ಮ ಧಂಧೆದಾಗ ಇದ್ದದ್ದ. ನಾಯಿಗೆ ಡಾಕ್ಟರ್ ಕೊಟ್ಟ ಗುಳಗಿ. ಅವತ್ತಿಂದ ಕಮ್ಮಿ, ಪೂರಾ ಹೋಗ್ಯಾವ ಅಂತ ಸುಳ್ಳ ಹೇಳೂದಿಲ್ಲ.

ಓಣಿಯೊಳಗ ನಮ್ಮ ಎದರಾಳಿ ಒಬ್ಬರು ರಿಟೈರ್ಡ್ ಮಾಸ್ತರು. 2025ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟು ದಿಲ್ಲಿ ನಾಯಿ ಎಲ್ಲಾ ಹಿಡದು ಒಯ್ರಿ ಅಂದದ್ದ ತಡ, ಪೇಪರ್ ಕತ್ತರಿಸಿ ತಂದು ನನ್ನ ಟೇಬಲ್ ಮ್ಯಾಲ ಇಟ್ರು. ನಾ 22ನೇ ತಾರೀಕಿಂದು ಕತ್ತರಿಸಿ ಅವರ ಗೇಟಿಗೆ ಸಿಗಿಸಿ ಬಂದೆ, ಆಪರೇಷನ್ ಆಗಿ ವ್ಯಾಕ್ಸಿನ್ ಆದ ನಾಯಿ ಹಿಡದಲ್ಲೇ ಬಿಡ್ರಿ, ಹುಚ್ಚ ಹಿಡದದ್ದು ಕಡಿಯೂದು ಬಿಟ್ಟು, ಅಂತ. ಅವರು ಅದರಾಗ ಕಂಡ ಕಂಡಲ್ಲೆ ಅನ್ನ ಹಾಕೂ ಹಂಗಿಲ್ಲ ಅನ್ನೂ ಸಾಲಿಗೆ ಕೆಂಪ ಪೆನ್ನಿಲೆ ಗೀಟ ಹಾಕಿ ವಾಪಸ್ ಕೊಟ್ರು. ಮಾಸ್ತರಲ್ರಿ. ಅದು ಅವರ ಮಾತು ಬರೋಬ್ಬರಿ ಇತ್ತು, ನಾ ಶೆಡ್ಡಿನ ಹಿಂದ ಅಷ್ಟ ಹಾಕಾಕ ಹತ್ತೇನಿ ಈಗ. ಮಾತ ಬಿಟ್ಟಾರ ನನ್ನ ಜೋಡಿ, ಆದ್ರ ಅವರ ಅಳಿಯಾ ನವನಗರದಾಗ ಒಂದು ಮರಿ ಒಯ್ದಾನ, ಮಾವಗ ಹೇಳಬ್ಯಾಡ್ರಿ ಅಂದಾನ.

ಆಪರೇಷನ್ನಿಗೆ ತಾಯಿ ನಾಯಿ ಹೆಂಗ ಹಿಡೀತಿ, ಹೆಣ್ಣ ಮರಿಗೆ ಮನಿ ಹೆಂಗ ಹುಡಕ್ತಿ ಅಂತ ಮೆಸೇಜ್ ಮ್ಯಾಲ ಮೆಸೇಜ್ ಹಾಕ್ತೀರಿ. ಹಿಡಿಯೂದಕ್ಕ ಬಲೆ ಬೇಕಾಗಿಲ್ಲ ಅಂತ ಅಷ್ಟ ಹೇಳ್ತೇನಿ. ಹೆಣ್ಣ ಮರಿದು ಮಾತ್ರ ಹೇಳೂದಿಲ್ಲ, ಹೋದ ವರ್ಷ 20ರ ಮ್ಯಾಲ ಹೆಣ್ಣ ಕೊಟ್ಟೇನಿ, ಎಲ್ಲಾರೂ ಅದನ್ನ ಮಾಡಾಕ ಹತ್ತಿದ್ರ ಅದು ನಡೆಯೂದಿಲ್ಲ.

ಡಿಪಾಜಿಟ್‌ದಾಗ ನಾ ಸೋತದ್ದು ಒಂದ ಸಲ. ದೇವರಗುಡ್ಡದ ಕಡೆಯಿಂದ ಮೈಲಾರಲಿಂಗನ ಸೇವಾ ಮಾಡೂ ಒಬ್ಬ ಗೊರವಪ್ಪಜ್ಜ ಬಂದಿದ್ದ, ಕೈಯಾಗ ದೋಣಿ (ಉಣ್ಣೂ ಬಟ್ಟಲಾ), ಮೈಮ್ಯಾಲ ಕಂಬಳಿ, ಮೊಮ್ಮಗನ ಬೈಕ್ ಮ್ಯಾಲ. ಕುರಿ ಹಟ್ಟಿಗೆ ಮರಿ ಬೇಕಿತ್ತು. ರೊಕ್ಕ ಅಂದ ಕೂಡ್ಲೆ ಸಿಟ್ಟಾದ. "ಮೈಲಾರಲಿಂಗನ ನಾಯಿಗೆ ರೊಕ್ಕ ಕೇಳ್ತಿಯೇನೋ ತಮ್ಮಾ? ನಾವ ಅವನ ನಾಯಿ ಆಗಿ ಬೊಗಳಿ ದೋಣಿಯೊಳಗಿಂದು ಉಣ್ಣವರು." ನಾ ಏನ್ ಹೇಳ್ಲಿ. ಯಜ್ಜಾ, ರೊಕ್ಕ ಬ್ಯಾಡ, ನೀನು ಆಪರೇಷನ್ ಮಾಡಸ್ತಿ ಅನ್ನಾಕ ಏನರೆ ಇಡು ಅಂದೆ. ಮರುದಿನ ಮೊಮ್ಮಗನ ಕೈಯಾಗ ಒಂದು ಚೀಲ ಜ್ವಾಳ ಕಳಸಿದ, 50 ಕಿಲೋ ಇರಬೇಕು, ಮರಿ ಒಯ್ದ.

ಶೆಡ್ಡಿನ್ಯಾಗ ಜ್ವಾಳ ಇದ್ದ ಮ್ಯಾಲ ನುಚ್ಚ ಮಾಡಿ ತತ್ತಿ ಕಲಿಸಿ ಮರಿಗೆ ಹಾಕೂ ಪ್ರಯೋಗ ಸುರು ಆತು, ಪಾಕೀಟಿನ ಊಟಕ್ಕಿಂತ ತಿಂಗಳಿಗೆ 1000-1200 ಉಳೀತು, ಮೈಯೂ ಹಿಡದ್ವು, ಚೀಲ ತಳಾ ಕಂಡಿತು. ಏಳು ತಿಂಗಳಿಗೆ ಅಜ್ಜ ಚೀಟಿ ಹಿಡ್ಕೊಂಡ ಬಂದ. ಆಪರೇಷನ್ನೂ ಆಗಿತ್ತು, ರೇಬಿಸ್ಸೂ ಆಗಿತ್ತು, ನನ್ನ ಜ್ವಾಳ ಕೊಡು ಅಂದ. ಎಪಿಎಂಸಿಗೆ ಹುಡುಗನ್ನ ಓಡಿಸಿದೆ, ರೇಟ್ ಏರಿತ್ತು, 2600 ಹತ್ತಿತು. ಅಜ್ಜ ಚೀಲದ ಬಾಯಿ ಬಿಚ್ಚಿದ, ಒಂದು ಹಿಡಿ ತಗೊಂಡ, ಬಿಸಲಿಗೆ ಹಿಡದು ನೋಡಿದ, ಎರಡು ಕಾಳ ಬಾಯಾಗ ಹಾಕ್ಕೊಂಡು ಕಡದ.

"ಇದು ನಮ್ಮ ಹೊಲದ್ದಲ್ಲ" ಅಂದ.

ಯಜ್ಜಾ, ನಿಂದು ಮರಿ ತಿಂದಾವ ಅಂದೆ. ಅಜ್ಜ ಶೆಡ್ಡಿನ್ಯಾಗ ಹಣಿಕಿ ಹಾಕಿ ಆರೂ ಮರಿ ನೋಡಿದ, ಕಾಳ ಅಗದು ನುಂಗಿದ, ಚೀಲದ ಬಾಯಿ ಮತ್ತ ಕಟ್ಟಿದ, ಬೈಕಿಗೆ ಏರ್ಸು ಅಂತ ಮೊಮ್ಮಗಗ ಸನ್ನಿ ಮಾಡಿದ.